ಐವತ್ತರ ಆಸುಪಾಸಿನ ಅಕ್ಕ, ಅತ್ತಿಗೆಗೆ ಹಬ್ಬದ ಉಡುಗೊರೆ: ಸೀರೆ ಬಿಟ್ಟು ಏನು? ಸೀರೆಯೇ ಆದರೆ ಯಾವುದು?

ತುಂಗಾತೀರ
ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳಿದೆ, ಈಗಲೇ ಕೇಳಿಬಿಡ್ತೀನಿ. ಗೌರಿ ಹಬ್ಬಕ್ಕೆ ಅಕ್ಕನಿಗೆ (52 ವರ್ಷ) ತವರಿನ ಬಾಗಿನದ ಜೊತೆ ಏನಾದರೂ ಕೊಡಬೇಕು, ದೀಪಾವಳಿಗೆ ಅತ್ತಿಗೆಗೆ (47). ತಲಾ ಐದು ಸಾವಿರ, ಹೆಚ್ಚೆಂದರೆ ಎಂಟು. ಇಬ್ಬರ ಬೀರುವಿನಲ್ಲೂ ಸೀರೆ ಇಡೋಕೆ ಜಾಗ ಇಲ್ಲ. ದುಡ್ಡು ಕೊಟ್ಟರೆ ಅದು ಮನೆ ಖರ್ಚಿಗೆ ಹೋಗುತ್ತೆ. ಬರೀ ಹೆಸರು ಹೇಳಬೇಡಿ. ತಗೊಳ್ಳುವಾಗ ಏನು ನೋಡಬೇಕು, ಎಲ್ಲಿ ಎಡವುತ್ತಾರೆ ಅನ್ನೋದನ್ನೂ ಹೇಳಿ.

ಅಂಚು_ಸೆರಗು
ಬೀರು ತುಂಬಿರಬಹುದು, ಅದರಲ್ಲಿ ಇವತ್ತು ಉಡುವಂಥವು ಎಷ್ಟು ಅಂತ ಕೇಳಿ ನೋಡಿ. ಹಳೆಯ ಕಾಂಚೀವರಂ ಮುಕ್ಕಾಲು ಕೆ.ಜಿ. ಮೇಲೆ ತೂಗುತ್ತವೆ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತಲ್ಲ, ಆಗ ಆ ತೂಕದ ರೇಷ್ಮೆಯಲ್ಲಿ ಮದುವೆ ಮನೆಯಲ್ಲಿ ಎರಡು ಗಂಟೆ ಕೂರೋದು ಶಿಕ್ಷೆ. ಇನ್ನರ್ಧ ಸೀರೆಗಳಿಗೆ ಬ್ಲೌಸ್ ಹಿಡಿಸಲ್ಲ. ಮೈ ತುಂಬಿಕೊಂಡಿರುತ್ತೆ, ತೋಳು ದಪ್ಪ ಆಗಿರುತ್ತೆ.

ಹಾಗಾಗಿ ನನ್ನ ಮೊದಲ ಸಲಹೆ: ಹೊಸ ಸೀರೆ ಬೇಡ, ಇರುವ ನಾಲ್ಕೈದು ಒಳ್ಳೆ ಸೀರೆಗಳಿಗೆ ಹೊಸ ಬ್ಲೌಸ್ ಹೊಲಿಸಿಕೊಡಿ. ಲೈನಿಂಗ್ ಸಹಿತ ಹೊಲಿಗೆಗೆ ಸಣ್ಣ ಊರಲ್ಲಿ 400ರಿಂದ 600, ಬೆಂಗಳೂರಲ್ಲಿ ಅದಕ್ಕಿಂತ ಜಾಸ್ತಿ. ಬಟ್ಟೆ, ಫಾಲ್ಸ್ ಬದಲಿಸೋದು, ರೋಲ್ ಪ್ರೆಸ್ ಎಲ್ಲ ಸೇರಿ ನಿಮ್ಮ ಬಜೆಟ್‌ನಲ್ಲೇ ಮುಗಿಯುತ್ತೆ. ಗಮನಿಸಬೇಕಾದ್ದು:

ಹಳೆ ಬ್ಲೌಸನ್ನೇ ಬಿಡಿಸಿ ದೊಡ್ಡದು ಮಾಡಿಸಬಹುದು, ಟೈಲರ್‌ಗಳು ಪಕ್ಕದಲ್ಲಿ ಒಂದು, ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ. ಆದರೆ ರೇಷ್ಮೆಯಲ್ಲಿ ಹಳೆ ಹೊಲಿಗೆಯ ಸೂಜಿ ತೂತು ಹಾಗೇ ಕಾಣುತ್ತೆ. ಕಾಟನ್‌ನಲ್ಲಿ ಒಂದು ಒಗೆತಕ್ಕೆ ಮುಚ್ಚಿಕೊಳ್ಳುತ್ತೆ, ರೇಷ್ಮೆಯಲ್ಲಿ ಇಲ್ಲ. ಅಂಥವಕ್ಕೆ ಹೊಸ ಬಟ್ಟೆಯೇ ಸರಿ.

ಸೀರೆಯನ್ನು ಬೆಳಕಿಗೆ ಹಿಡಿದು ಮಡಿಕೆ ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಅಲ್ಲಿ ಎಳೆ ಕತ್ತರಿಸಿರುತ್ತೆ. ಅಂಥದ್ದಕ್ಕೆ ರೋಲ್ ಪ್ರೆಸ್ ಮಾಡಿಸಿದರೆ ಅಲ್ಲೇ ಸೀಳುತ್ತೆ.

ಹೊಸ ಫಾಲ್ಸ್ ಕಾಟನ್ ಆಗಿದ್ದರೆ ಹೊಲಿಯೋ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಫಾಲ್ಸ್ ಕುಗ್ಗಿ ಸೀರೆಯ ಅಂಚು ಸುರುಟಿಕೊಳ್ಳುತ್ತೆ.

ಹುಕ್ಕು ಮುಂದೆ ಇರಲಿ. ಇದನ್ನು ಟೈಲರ್‌ಗೆ ಒತ್ತಿ ಹೇಳಿ, ಫ್ಯಾಷನ್ ಅಂತ ಹಿಂದೆ ಇಟ್ಟುಬಿಡುತ್ತಾರೆ.

ಹೊಸ ಸೀರೆ ಕೊಡಲೇಬೇಕು ಅಂತಿದ್ದರೆ ಉದ್ದ ಕೇಳಿ. 6.3 ಮೀಟರ್ ಅಂದರೆ ಸೀರೆ 5.5, ಬ್ಲೌಸ್ ಪೀಸ್ 0.8. ಆನ್‌ಲೈನ್‌ನ ಅಗ್ಗದವು 5.2ಕ್ಕೇ ಮುಗಿದಿರುತ್ತವೆ. ಸೊಂಟ ಸುತ್ತಿ ಬಂದಮೇಲೆ ನೆರಿಗೆಗೆ ಬಟ್ಟೆ ಉಳಿಯಲ್ಲ. ಜೊತೆಗೆ ಬರುವ 80 ಸೆಂ.ಮೀ. ಬ್ಲೌಸ್ ಪೀಸ್ ಎದೆಯಳತೆ 40 ದಾಟಿದವರಿಗೆ, ಅದರಲ್ಲೂ ಮೊಣಕೈವರೆಗೆ ತೋಳು ಬೇಕು ಅನ್ನುವವರಿಗೆ ಸಾಲಲ್ಲ. ಒಂದು ಮೀಟರ್ ಟೂ ಬೈ ಟೂ (ಬ್ಲೌಸಿನ ಹತ್ತಿ ಬಟ್ಟೆ) ಮ್ಯಾಚಿಂಗ್ ತೆಗೆದು ಅದರ ಜೊತೆಗಿಡಿ.

ಕಡಲತಡಿ
ಮೇಲಿನವರು ಹೇಳಿದ ತೂಕದ ವಿಷಯಕ್ಕೆ ಸೇರಿಸ್ತೇನೆ. ಉಡುಪಿ ಸೀರೆ ನೋಡಿ. ಕೈಮಗ್ಗದ ಹತ್ತಿ, ಮೈ ಮೇಲೆ ಇದ್ದದ್ದೇ ಗೊತ್ತಾಗುವುದಿಲ್ಲ, ನಮ್ಮ ಕರಾವಳಿಯ ಸೆಕೆಗೇ ಹುಟ್ಟಿದ ಸೀರೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಉಂಟು. ಕಿನ್ನಿಗೋಳಿ ಹತ್ತಿರ ತಾಳಿಪಾಡಿಯ ನೇಕಾರರ ಸಹಕಾರ ಸಂಘದಲ್ಲಿ ನೇರ ಸಿಗುತ್ತದೆ. ಆದರೆ ನೇಯುವವರು ಬಹಳ ಕಡಿಮೆ, ಹಬ್ಬದ ವಾರ ಹೋಗಿ ಬಣ್ಣ ಆರಿಸ್ತೇನೆ ಅಂದರೆ ಆಗುವುದಿಲ್ಲ. ಈಗಲೇ ಹೇಳಿಡಿ. ಮತ್ತೆ, ಇದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಬೇಕು. ಅದಕ್ಕೆಲ್ಲ ಪುರುಸೊತ್ತಿಲ್ಲದವರಿಗೆ ಕೊಟ್ಟರೆ ಬೀರುವಿನ ಭಾರ ಇನ್ನೊಂದು ಹೆಚ್ಚಾಯಿತು ಅಷ್ಟೆ.

ಹುಬ್ಬಳ್ಳಿ_ಗಿರಣಿಚಾಳ
ಇಳಕಲ್ ಸೀರಿ ಯಾರೂ ಹೇಳಲಿಲ್ಲಲ್ರಿ! ಐದ್ ಸಾವಿರದಾಗ ಕೈಮಗ್ಗದ್ದು ಚಲೋದ ಸಿಗ್ತದ. ಆದ್ರ ಅಂಗಡ್ಯಾಗ ಪವರ್‌ಲೂಮ್ ಮಾಲ್‌ನ ಕೈಮಗ್ಗ ಅಂತ ಹೇಳಿ ಕೊಡ್ತಾರ. ಸೆರಗು ಒಡಲು ಕೂಡೋ ಜಾಗಾ ಹಿಂದ ತಿರುವಿ ನೋಡ್ರಿ. ಖರೇ ಇಳಕಲ್‌ನಾಗ ಒಡಲಿನ ಹಾಸು (ಉದ್ದದ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಎಳಿಗೆ ಎಳಿ ಕೊಂಡಿ ಹಾಕಿ ಕೂಡ್ಸಿರ್ತಾರ. ಅದು ಕೈಗೆ ಸಿಗ್ತದ. ಸೆರಗಿನ ಮ್ಯಾಲೆ ಕೆಂಪು-ಬಿಳಿ ತೋಪು ತೆನಿ ಅನ್ನೋ ನಮೂನಿ ಇರಬೇಕು. ದಡಿ ಗೋಮಿ ನಮೂನಿ ಇರ್ಲಿ, ಚಿಕ್ಕಿ ಪರಾಸ್ ನಮೂನಿ ಇರ್ಲಿ, ಅದು ನಿಮ್ಮ ಖುಷಿ.

ಕೇಳೂಮುಂದ "ಕಾಟನ್ ಬೈ ಕಾಟನ್ ಏನು, ಕಾಟನ್ ಬೈ ಸಿಲ್ಕ್ ಏನು" ಅಂತ ಕೇಳ್ರಿ. ಸೆಕಿ ಆಗೋರಿಗೆ ಕಾಟನ್ ಬೈ ಕಾಟನ್ ಛಲೋ. ಕೆಂಪು ಸೆರಗಿನ ಬಣ್ಣ ಮೊದಲ ಎರಡ್ಮೂರು ಒಗೆತಕ್ಕ ಬಿಡ್ತದ. ತಣ್ಣೀರಾಗ ಬ್ಯಾರೆ ಒಗೀರಿ, ನೆನಿ ಹಾಕಬ್ಯಾಡ್ರಿ, ಹಸೀದು ಮಡಚಿ ಇಡಬ್ಯಾಡ್ರಿ, ಇಲ್ಲಂದ್ರ ಸೆರಗಿನ ಕೆಂಪು ಒಡಲಿಗೆ ಹತ್ತೇಬಿಡ್ತದ. ನೆಳ್ಳಾಗ ಒಣಗಿಸ್ರಿ.

ಮ್ಯಾಲ ಗುಳೇದಗುಡ್ಡದ ಖಣ (ಬ್ಲೌಸಿನ ಬಟ್ಟಿ) ಇಡೋದಾದ್ರ ಒಂದು ಮಾತು. ಹಳೇ ನಮೂನಿ ಖಣದ ಪನ್ನ (ಅಗಲ) ಸಣ್ಣದು, ಮೈ ತುಂಬಿದವ್ರಿಗೆ ಒಂದು ಖಣದಾಗ ಜಂಪರ್ ಆಗಂಗಿಲ್ಲ. ಎರಡು ತಗೋರಿ, ಅದೂ ಒಂದೇ ಥಾನಿಂದು. ಬ್ಯಾರೆ ಬ್ಯಾರೆ ಥಾನಿಂದ ತಗೊಂಡ್ರ ಬಣ್ಣದಾಗ ಫರಕ್ ಬರ್ತದ.

ಚಾಮುಂಡಿಪುರಂ
ಮೈಸೂರ್ ಸಿಲ್ಕ್ ಬಗ್ಗೆ ಯಾರಾದ್ರೂ ಕೇಳೋ ಮುಂಚೆ: ಕೆಎಸ್ಐಸಿ (ಸರ್ಕಾರಿ ರೇಷ್ಮೆ ಕಾರ್ಖಾನೆ) ಸೀರೆ ಎಂಟು ಸಾವಿರಕ್ಕೆ ಬರಲ್ಲ, ಈಗ ಶುರುವಾಗೋದೇ ಇಪ್ಪತ್ತು ಸಾವಿರದ ಮೇಲೆ. ಮಳಿಗೆ ಮುಂದೆ ಬೆಳಗಿನ ಜಾವದ ಕ್ಯೂ ಬೇರೆ. "ಮೈಸೂರ್ ಸಿಲ್ಕ್ ಕ್ರೇಪ್, 6000 ಮಾತ್ರ" ಅಂತ ವಾಟ್ಸಾಪ್‌ನಲ್ಲಿ ಬರೋದು ಆ ಸರ್ಕಾರಿ ಕಾರ್ಖಾನೆಯದ್ದಲ್ಲ. ರೇಷ್ಮೆ ಅಂತ ಹೇಳಿ ಕೊಡೋದಕ್ಕೆಲ್ಲ ಸಿಲ್ಕ್ ಮಾರ್ಕ್ ಲೇಬಲ್ ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಅಡಿಯ ಸಂಸ್ಥೆ ಕೊಡೋದು ಅದು. ನೆನಪಿರಲಿ, ಆ ಲೇಬಲ್ ಹೇಳೋದು ಬಟ್ಟೆ ಅಪ್ಪಟ ರೇಷ್ಮೆ ಅಂತ ಮಾತ್ರ, ಜರಿ ಚಿನ್ನದ್ದೋ ಬೆಳ್ಳಿದೋ ತಾಮ್ರದ್ದೋ ಅಂತಲ್ಲ. ಕೆಎಸ್ಐಸಿ ಸೀರೆಯ ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65 ಅಂತ ಅವರೇ ಹೇಳ್ತಾರೆ.

ಮೊರದಬಾಗಿನ
ಎಲ್ಲರೂ ಸೀರೆಗೆ ಹೋದಿರಿ. ಪ್ರಶ್ನೆಯಲ್ಲಿ ಬಾಗಿನ ಅಂತಿದೆ, ಬಾಗಿನವನ್ನೇ ಚೆನ್ನಾಗಿ ಮಾಡಿದರೆ ಅದೇ ಅರ್ಧ ಉಡುಗೊರೆ. ಈಗ ಅಂಗಡಿಯಲ್ಲಿ ಕಟ್ಟಿಟ್ಟ ಸೆಟ್ ಬರುತ್ತೆ: ಅಂಗೈ ಅಗಲದ ಪ್ಲಾಸ್ಟಿಕ್ ಮೊರ, ಹಲ್ಲು ಮುರಿಯುವ ಬಾಚಣಿಗೆ, ಮುಖವೇ ಕಾಣದ ಕನ್ನಡಿ, ಊರೆಲ್ಲ ಸುತ್ತಿ ಬಂದ ಪಾಲಿಯೆಸ್ಟರ್ ಬ್ಲೌಸ್ ಪೀಸ್. ಆ ಪೀಸನ್ನು ಯಾರೂ ಹೊಲಿಸಲ್ಲ, ವರಮಹಾಲಕ್ಷ್ಮಿಯಿಂದ ಗೌರಿಗೆ, ಗೌರಿಯಿಂದ ನವರಾತ್ರಿಗೆ ಕೈ ಬದಲಿಸುತ್ತಾ ಇರುತ್ತೆ.

ಹೀಗೆ ಮಾಡಿ. ಬಿದಿರಿನ ಜೋಡಿ ಮೊರ, ಹಬ್ಬಕ್ಕೆ ಒಂದು ವಾರ ಮುಂಚೆ ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಸವರಿ, ಪೂರ್ತಿ ಒಂದು ದಿನ ಬಿಸಿಲಲ್ಲಿ ಒಣಗಿಸಿ. ಭಾದ್ರಪದದಲ್ಲಿ ಬಿಸಿಲು ಸಿಗೋದೇ ಕಷ್ಟ, ಹಸಿ ಇದ್ದಾಗಲೇ ಮುಚ್ಚಿಟ್ಟರೆ ಎರಡು ದಿನಕ್ಕೆ ಬೂಸ್ಟು ಹಿಡಿಯುತ್ತೆ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಉದ್ದಿನಬೇಳೆ, ರವೆ ತಲಾ ಒಂದೊಂದು ಪಾವು, ಬೇರೆ ಬೇರೆ ಬಟ್ಟೆ ಚೀಲದಲ್ಲಿ. ಒಟ್ಟಿಗೆ ಸುರಿದರೆ ಆಮೇಲೆ ಆರಿಸೋರು ಯಾರು? ಅಚ್ಚು ಬೆಲ್ಲವನ್ನು ಬಾಳೆಲೆ ಅಥವಾ ಬೆಣ್ಣೆ ಕಾಗದದಲ್ಲಿ ಸುತ್ತಿ, ಇಲ್ಲದಿದ್ದರೆ ನೀರೊಡೆದು ಇರುವೆ ಮುತ್ತುತ್ತೆ. ತೆಂಗಿನಕಾಯಿ, ಅರಿಶಿನ-ಕುಂಕುಮ, ಕರಿಮಣಿ, ಬಳೆ-ಬಿಚ್ಚೋಲೆ ಸಂಪ್ರದಾಯದಂತೆ ಇರಲಿ.

ಬದಲಾಯಿಸಬೇಕಾದ್ದು ಮೂರು. ಪಾಲಿಯೆಸ್ಟರ್ ಬದಲು ಒಂದು ಮೀಟರ್ ಒಳ್ಳೆ ಕಾಟನ್. ಸಣ್ಣ ಕನ್ನಡಿಯ ಬದಲು ಸ್ಟ್ಯಾಂಡ್ ಇರುವ, ಒಂದು ಮಗ್ಗುಲು ದೊಡ್ಡದಾಗಿ ತೋರಿಸುವ ಕನ್ನಡಿ. ನಲವತ್ತೈದರ ಮೇಲೆ ಕನ್ನಡಕ ತೆಗೆದರೆ ಕುಂಕುಮ ನೆಟ್ಟಗೆ ಇಟ್ಟುಕೊಳ್ಳೋಕೂ ಕಾಣಲ್ಲ. ಪ್ಲಾಸ್ಟಿಕ್ ಬಾಚಣಿಗೆ ಬದಲು ಅಗಲ ಹಲ್ಲಿನ ಮರದ ಬಾಚಣಿಗೆ.

ಚಿನಿವಾರಕಟ್ಟೆ
ಎಂಟು ಸಾವಿರಕ್ಕೆ ಚಿನ್ನ ಅಂದರೆ ಈಗ ಒಂದು ಮೂಗುಬೊಟ್ಟು, ಅಷ್ಟೆ. ಅದನ್ನೂ ಬಿಲ್ ಸಹಿತ ತಗೊಳ್ಳಿ. ಎರಡು ಗ್ರಾಂ ಮೇಲಿನದ್ದಾದರೆ ಮೂರು ಗುರುತು ನೋಡಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 22ಕೆ916 ಎಂಬ ಶುದ್ಧತೆ, ಆ ಒಡವೆಯ ಗುರುತಿನ ಸಂಖ್ಯೆಯಾದ ಆರು ಅಕ್ಷರ-ಅಂಕಿಯ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ವಿವರ ಬರುತ್ತೆ. ಕೈಯಲ್ಲಿರೋದು ಓಲೆ, ಆ್ಯಪ್ ತೋರಿಸೋದು ಉಂಗುರ ಅಂದರೆ ವಾಪಸ್ ಕೊಡಿ.

ಬೆಳ್ಳಿ ನಿಮ್ಮ ಬಜೆಟ್‌ಗೆ ಸರಿ ಹೊಂದಬಹುದು. 92.5 ಎಂದು ಮುದ್ರೆ ಇರಲಿ. ದೀಪ, ಕುಂಕುಮ ಭರಣಿ, ದೇವರ ಮುಖವಾಡ ತಗೊಳ್ಳುವಾಗ ಒಳಗೆ ಅರಗು, ಮೇಣ ತುಂಬಿದೆಯಾ ಕೇಳಿ, ಬರೀ ಬೆಳ್ಳಿಯ ತೂಕವನ್ನು ಬಿಲ್‌ನಲ್ಲಿ ಬೇರೆ ಬರೆಸಿ. ಇಲ್ಲದಿದ್ದರೆ ಅರಗಿಗೂ ಬೆಳ್ಳಿ ದರ ಕೊಟ್ಟಿರುತ್ತೀರಿ.

ಓಲೆ ಕೊಡುವುದಾದರೆ ಹಗುರ ಇರಲಿ. ವರ್ಷಗಟ್ಟಲೆ ಜುಮುಕಿ ಹಾಕಿ ಕಿವಿಯ ತೂತು ಉದ್ದವಾಗಿರುತ್ತೆ, ಭಾರದ್ದು ಮುಂದಕ್ಕೆ ಬಾಗಿ ನಿಲ್ಲುತ್ತೆ. ತಿರುಪಿನ ಹಿಂದೆ ಹಾಕುವ ಅಗಲದ ಬಿಲ್ಲೆ ಸಿಗುತ್ತೆ, ಅದನ್ನು ಹಾಕಿಸಿದರೆ ಓಲೆ ನೇರ ಕೂರುತ್ತೆ. ಬೆಲೆ ಏನೂ ಇಲ್ಲ, ಉಪಕಾರ ದೊಡ್ಡದು. ಕಾಲುಂಗುರ ಬೇಡ, ಬೆರಳು ಊದಿದರೆ ಕತ್ತರಿಸಿ ತೆಗೆಸುವ ಪರಿಸ್ಥಿತಿ. ಕೊಡಲೇಬೇಕೆಂದರೆ ತುದಿ ಬಿಟ್ಟ ಮಾದರಿ.

ಒಗ್ಗರಣೆ_ಡಬ್ಬಿ
ಮಿಕ್ಸಿ, ಗ್ರೈಂಡರ್, ದೋಸೆ ಕಾವಲಿ ಇವೆಲ್ಲ ಉಪಯೋಗಕ್ಕೆ ಬರೋ ವಸ್ತುಗಳಲ್ವಾ? ಬೀಡಿನ ಕಾವಲಿ ಒಂದು ಒಳ್ಳೆಯದು ತಂದುಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ.

ಸಾಕಮ್ಮನ_ಸಾರು
@ಒಗ್ಗರಣೆ_ಡಬ್ಬಿ, ಕಾವಲಿಯಲ್ಲಿ ದೋಸೆ ತಿನ್ನೋರು ಯಾರು, ಹುಯ್ಯೋರು ಯಾರು? ಅದು ಮನೆಗೆ ತಂದ ಸಾಮಾನು, ಅಕ್ಕನಿಗೆ ಕೊಟ್ಟಿದ್ದಲ್ಲ. ಹಬ್ಬದ ದಿನ ಗ್ರೈಂಡರ್ ಕೊಟ್ಟು "ನಿನಗೇ ತಂದೆ" ಅನ್ನಬೇಡಿ.

ಒಗ್ಗರಣೆ_ಡಬ್ಬಿ
ಒಪ್ಪಲ್ಲ. ಅಡುಗೆ ಇಷ್ಟಪಟ್ಟು ಮಾಡೋರೂ ಇದ್ದಾರೆ, ಹಳೇ ಗ್ರೈಂಡರ್ ಜೊತೆ ಗುದ್ದಾಡೋರಿಗೆ ಹೊಸದು ಸಿಕ್ಕರೆ ಬೇಡ ಅಂತಾರಾ?

ಪಾತ್ರೆಪಡಗ
ಇಬ್ಬರ ಮಾತಿನಲ್ಲೂ ಹುರುಳಿದೆ, ಪರೀಕ್ಷೆ ಸುಲಭ: ಆ ವಸ್ತು ಬಂದಮೇಲೆ ಕೆಲಸ ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ? ಹನ್ನೆರಡು ಇಂಚಿನ ಬೀಡಿನ ಕಾವಲಿ ಎರಡೂವರೆ, ಮೂರು ಕೆ.ಜಿ. ತೂಗುತ್ತೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನಲ್ಲಿ ನೋವಿರುವವರು ಒಂದು ಕೈಯಲ್ಲಿ ಅದನ್ನು ಎತ್ತಿ ತೊಳೆಯೋಕೆ ಆಗಲ್ಲ. ಕೊಡೋದಾದರೆ ಹತ್ತು ಇಂಚು, ಎರಡೂ ಕಡೆ ಹಿಡಿ ಇರೋದು, ಮೊದಲೇ ಎಣ್ಣೆ ಹಿಡಿಸಿ ಪಳಗಿಸಿದ್ದು. ಪಳಗಿಸದ ಕಾವಲಿ ಕೊಟ್ಟರೆ ಅದಕ್ಕೆ ಎಣ್ಣೆ, ಈರುಳ್ಳಿ ಉಜ್ಜುತ್ತ ವಾರ ಕಳೆಯೋದು ಅವರೇ.

ಗ್ರೈಂಡರ್ ಆದರೆ ಎರಡು ಲೀಟರಿನ ಟಿಲ್ಟಿಂಗ್ ಮಾತ್ರ. ಪಾತ್ರೆ ವಾಲಿಸಿ ಹಿಟ್ಟು ತೆಗೀಬಹುದು, ಕಲ್ಲಿನ ಪಾತ್ರೆಯನ್ನು ಹಿಟ್ಟಿನ ಸಮೇತ ಎತ್ತುವ ಕೆಲಸ ಇಲ್ಲ. ಅದನ್ನು ನೆಲದ ಮೇಲೋ ಕಪಾಟಿನ ಒಳಗೋ ಇಡೋದಾದರೆ ಕೊಡಬೇಡಿ. ಕಟ್ಟೆ ಮೇಲೆ ಕಾಯಂ ಜಾಗ ಬೇಕು, ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಬೇಕು. ಇನ್ನೊಂದು, ಹಳೆಯ ಗ್ರೈಂಡರನ್ನು ಅದೇ ದಿನ ಮನೆಯಿಂದ ಸಾಗಿಸೋದು ನಿಮ್ಮ ಜವಾಬ್ದಾರಿ.

ಮೂಳೆಮಾತು
ಫಿಸಿಯೋಥೆರಪಿ ಕಡೆಯಿಂದ ಕೆಲವು. ಹಿಂದಿನ ಹುಕ್ಕಿನ ಬ್ಲೌಸ್ ಬೇಡ ಅಂತ ಒಬ್ಬರು ಹೇಳಿದ್ದಾರೆ, ಕಾರಣವನ್ನೂ ಸೇರಿಸ್ತೀನಿ. ಭುಜ ಬಿಗಿದುಕೊಂಡು ಕೈ ಹಿಂದಕ್ಕೆ ಹೋಗದಿರುವ ತೊಂದರೆ ಸಾಮಾನ್ಯವಾಗಿ ಬರೋದು ನಲವತ್ತರಿಂದ ಅರವತ್ತರ ನಡುವೆ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಜಾಸ್ತಿ. ಒಳಉಡುಪು, ಬ್ಲೌಸು, ಕೊರಳ ಸರದ ಕೊಂಡಿ ಎಲ್ಲಕ್ಕೂ ಕೈ ಹಿಂದೆ ಹೋಗಬೇಕು. ಸರ ಕೊಡುವವರು ಕೊಂಡಿ ದೊಡ್ಡದಿರೋದು ಆರಿಸಿ, ಅಥವಾ ತಲೆ ಮೇಲಿಂದ ಹಾಕಿಕೊಳ್ಳುವಷ್ಟು ಉದ್ದದ್ದು.

ಈ ವಯಸ್ಸಿಗೆ ಕೊಡಬಹುದಾದ ಅತ್ಯುತ್ತಮ ಉಡುಗೊರೆ ಅಂದರೆ ನನ್ನ ಪ್ರಕಾರ ಮನೆಯೊಳಗೆ ಹಾಕುವ ಒಳ್ಳೆ ಚಪ್ಪಲಿ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಗಂಟೆಗಟ್ಟಲೆ ನಿಂತು ಹಿಮ್ಮಡಿ ನೋವು ಬರಿಸಿಕೊಂಡವರು ಎಷ್ಟೋ ಜನ. ಹೊರಗೆ ಹಾಕಿದ್ದನ್ನು ಅಡುಗೆ ಮನೆಗೆ ತರಲ್ಲ ಅನ್ನೋರಿಗೆ ಇದು ಬೇರೆಯೇ ಜೋಡಿ ಅಂತ ಹೇಳಿ ಕೊಡಿ. ನೋಡೋದು ಹೀಗೆ: ಎರಡೂ ತುದಿ ಹಿಡಿದು ಬಗ್ಗಿಸಿ. ಬೆರಳಿನ ಬುಡದಲ್ಲಿ ಬಗ್ಗಬೇಕು, ನಡುವೆ ಮಡಚಿದರೆ ಬೇಡ. ಒಳಪಾದದ ಕಡೆ ಸ್ವಲ್ಪ ಉಬ್ಬು, ಹಿಮ್ಮಡಿಗೆ ಆಳದ ಗುಂಡಿ ಇರಬೇಕು. ಮೆತ್ತಗಿದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ, ಹೆಬ್ಬೆರಳಲ್ಲಿ ಒತ್ತಿದರೆ ಪೂರ್ತಿ ಒಳಗಿಳಿಯುವ ಸ್ಪಂಜು ತಿಂಗಳಲ್ಲಿ ಚಪ್ಪಟೆ. ನೀರಲ್ಲಿ ಜಾರದ ತಳ ಇರಲಿ.

ಅಳತೆ ಸಂಜೆ ತಗೊಳ್ಳಿ, ಬೆಳಗ್ಗೆಗಿಂತ ಪಾದ ಊದಿರುತ್ತೆ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲಿಸಿ, ಉದ್ದನೆಯ ಬೆರಳಿನ ತುದಿಗೆ ಗುರುತು ಹಾಕಿ. ಎರಡೂ ಕಾಲು ಅಳೆದು ದೊಡ್ಡದರ ಸೆಂ.ಮೀ. ಲೆಕ್ಕ ಇಟ್ಟುಕೊಳ್ಳಿ. ನಂಬರ್ 5, 6 ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ.

ಕರೆಂಟು_ಹೋಯ್ತು
ರಾತ್ರಿ ಬೆವರಿ ಎಚ್ಚರ ಆಗೋರಿಗೆ ಒಂದು ಉಡುಗೊರೆ: ರಿಮೋಟ್ ಇರುವ, ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಸೀಲಿಂಗ್ ಫ್ಯಾನ್. ಮೂರು ಸಾವಿರದ ಆಸುಪಾಸು. ಗಂಡ "ಚಳಿ" ಅಂತ ಹೊದ್ದುಕೊಂಡಿರುವಾಗ ಎದ್ದು ಹೋಗದೆ ಹಾಸಿಗೆಯಿಂದಲೇ ಹೆಚ್ಚು-ಕಡಿಮೆ ಮಾಡಬಹುದು. ಹಳೆ ಫ್ಯಾನ್ 70-75 ವ್ಯಾಟ್ ಎಳೆದರೆ ಇದು 30ರ ಸುತ್ತಮುತ್ತ. ಎಡವಟ್ಟಾಗೋದು ಒಂದೇ ಕಡೆ: ಗೋಡೆಯ ಹಳೆ ರೆಗ್ಯುಲೇಟರ್ ಹಾಗೇ ಬಿಟ್ಟು ಜೋಡಿಸಿದರೆ ಫ್ಯಾನ್ ಸರಿಯಾಗಿ ತಿರುಗಲ್ಲ, ಒಳಗಿನ ಬೋರ್ಡ್ ಹಾಳಾಗಬಹುದು. ಎಲೆಕ್ಟ್ರಿಷಿಯನ್‌ಗೆ ಹೇಳಿ ರೆಗ್ಯುಲೇಟರ್ ತೆಗೆಸಿ ನೇರ ಕೊಡಿಸಿ.

ಜೊತೆಗೆ ಹತ್ತಿಯ ಹಾಸು. ಥ್ರೆಡ್ ಕೌಂಟ್ (ಚದರ ಇಂಚಿನ ಎಳೆ ಲೆಕ್ಕ) ಜಾಸ್ತಿ ಇದ್ದಷ್ಟೂ ತಂಪು ಅನ್ನೋದು ಸುಳ್ಳು. 200-300ರ ಸಾದಾ ನೇಯ್ಗೆ ಗಾಳಿಯಾಡುತ್ತೆ, ಹೊಳಪಿನ ಸ್ಯಾಟಿನ್ ನೇಯ್ಗೆ ಸೆಕೆ ಹಿಡಿದಿಡುತ್ತೆ. 60×78 ಇಂಚಿನ ಹಾಸಿಗೆಗೆ 90×108 ಹಾಸು ತಗೊಳ್ಳಿ, 90×100 ಆದರೆ ಕಾಲ ಕಡೆ ಕಿತ್ತುಬರುತ್ತೆ.

ಜಯನಗರ_ನಾಲ್ಕನೇಬ್ಲಾಕ್
ಬಿಪಿ ಮಷಿನ್, ಪೂರ್ತಿ ಆರೋಗ್ಯ ತಪಾಸಣೆ ಪ್ಯಾಕೇಜು, ಜಿಮ್ ಸದಸ್ಯತ್ವ? ಐವತ್ತರಲ್ಲಿ ಬೇಕಾದ್ದು ಇವೇ ಅಲ್ವಾ?

ಮೂಳೆಮಾತು
ಬೇಕು, ಆದರೆ ಹಬ್ಬದ ತಟ್ಟೆಯಲ್ಲಿ ಬೇಡ. ಅರಿಶಿನ-ಕುಂಕುಮದ ಪಕ್ಕ ಬಿಪಿ ಮಷಿನ್ ಇಟ್ಟರೆ ಏನು ಅರ್ಥ ಬರುತ್ತೆ ಯೋಚಿಸಿ. ಜಿಮ್, ತೂಕ ನೋಡುವ ಯಂತ್ರ, ಸುಕ್ಕು ಹೋಗಿಸುವ ಕ್ರೀಮ್, ತಲೆಗೂದಲ ಬಣ್ಣ, ಇವು ನಾಲ್ಕೂ "ನಿನಗೆ ವಯಸ್ಸಾಯ್ತು" ಅನ್ನೋ ಚೀಟಿ. ಬಣ್ಣದಿಂದ ಅಲರ್ಜಿ ಆಗೋರೂ ಇದ್ದಾರೆ. ತಪಾಸಣೆಗೆ ಬೇರೆ ದಿನ ನೀವೇ ಜೊತೆಗೆ ಕರೆದುಕೊಂಡು ಹೋಗಿ. ಬಿಪಿ ಮಷಿನ್ ತರುವುದಾದರೆ ತೋಳಿಗೆ ಕಟ್ಟುವುದೇ ಇರಲಿ, ತೋಳಿನ ಸುತ್ತಳತೆ ಅಳೆದು ಪಟ್ಟಿ ಆರಿಸಿ. ಸಾಮಾನ್ಯ ಪಟ್ಟಿ 22-32 ಸೆಂ.ಮೀ.ಗೆ. ತೋಳು ಅದಕ್ಕಿಂತ ದಪ್ಪ ಇದ್ದು ಅದೇ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತೆ.

ಗವಂತಿ_ಮುರ್ಗಿ
ಕೈಕೆಲಸದ ಹವ್ಯಾಸ ಇರೋರಿಗೆ ಕಸೂತಿ ಸಾಮಾನಿನ ಡಬ್ಬಿ ನೀವೇ ಜೋಡಿಸಿಕೊಡಿ. ಒಂದೂವರೆ ಸಾವಿರದೊಳಗೆ ಬಹಳ ಚೆಂದದ್ದಾಗುತ್ತೆ. ಅಂಗಡಿಯ ರೆಡಿ ಕಿಟ್‌ಗಳ ಬಟ್ಟೆ ಒರಟು, ದಾರ ಬಣ್ಣ ಬಿಡುತ್ತೆ.

ಮ್ಯಾಟಿ ಬಟ್ಟೆ ಒಂದು ಮೀಟರ್. ಇಂಚಿಗೆ 14 ಚೌಕದ್ದು ಎಲ್ಲರೂ ಕೊಡುತ್ತಾರೆ, ಆದರೆ ಹತ್ತಿರದ್ದು ಕಾಣುವ ಕಣ್ಣು ಸ್ವಲ್ಪ ಕೈಕೊಡಲು ಶುರುವಾಗಿದ್ದರೆ 11ರದ್ದು ಕೇಳಿ. ಆರು ಎಳೆಯ ದಾರದ ಲಡಿಗಳು: 14ಕ್ಕೆ ಎರಡು ಎಳೆ, 11ಕ್ಕೆ ಮೂರು ಎಳೆ ಬೇಕಾಗುತ್ತೆ, ಹಾಗಾಗಿ ಕೆಂಪು, ಹಸಿರು, ಹಳದಿ, ನೇರಳೆ ತಲಾ ಎರಡು ಲಡಿ ಇರಲಿ. ಮೊಂಡು ತುದಿಯ 24ನೇ ನಂಬರ್ ಸೂಜಿ, ಆರು ಇಂಚಿನ ರಿಂಗು, ಸೂಜಿಗೆ ದಾರ ಪೋಣಿಸುವ ತಂತಿ. ಇದೆಲ್ಲಕ್ಕಿಂತ ಮುಖ್ಯ, ಮೇಜಿಗೆ ಸಿಕ್ಕಿಸುವ, ಭೂತಗನ್ನಡಿ ಇರುವ ಎಲ್ಇಡಿ ದೀಪ. ಅದಿಲ್ಲದಿದ್ದರೆ ಡಬ್ಬಿ ಮೂಲೆ ಸೇರುತ್ತೆ.

ಗವಂತಿ, ಮುರ್ಗಿ ಎಂಬ ಕಸೂತಿ ಹೊಲಿಗೆಗಳಲ್ಲಿ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಹಾಕೋ ಹಾಗಿಲ್ಲ. ಹೊಸಬರು ಎಡವೋದು ಅಲ್ಲೇ: ಹೋಗುವಾಗ ಹಾಕಿದ ಹೊಲಿಗೆಯ ಲೆಕ್ಕ ತಪ್ಪಿದರೆ ವಾಪಸ್ ಬರುವಾಗ ದಾರಿ ಕಟ್ಟಾಗುತ್ತೆ. ಗೋಪುರ, ತೇರಿನಂಥ ದೊಡ್ಡ ನಮೂನೆ ಬಿಟ್ಟು ತುಳಸಿಕಟ್ಟೆಯಿಂದ ಶುರು ಮಾಡಿಸಿ. ಸೀರೆ ಮೇಲೆ ಹಾಕುವ ಆಸೆ ಇದ್ದರೆ ಚೌಕದ ಜಾಳು ಬಟ್ಟೆಯನ್ನು ಸೀರೆ ಮೇಲೆ ಇಟ್ಟು ಹೊಲಿದು, ಕೆಲಸ ಮುಗಿದಮೇಲೆ ಆ ಬಟ್ಟೆಯ ಎಳೆ ಒಂದೊಂದೇ ಕೀಳಬೇಕು. ಆ ಬಟ್ಟೆ ಅರ್ಧ ಮೀಟರ್ ಡಬ್ಬಿಯಲ್ಲಿ ಇಡಿ.

ರೆಡಿಮೇಡ್ ಓದುವ ಕನ್ನಡಕ ಕೊಡಬೇಡಿ. ಎರಡೂ ಗಾಜಿಗೆ ಒಂದೇ ಪವರ್ ಇರುತ್ತೆ, ಬಹಳ ಜನರ ಕಣ್ಣು ಹಾಗಿರಲ್ಲ.

ಮಲ್ಲಿಗೆಬಳ್ಳಿ
ಗಿಡ ಕೊಡೋರಿಗೆ ಒಂದೇ ಮಾತು: ಕುಂಡ ತುಂಬಿಸಿ, ಸ್ಟ್ಯಾಂಡ್ ಮೇಲೆ ಇಟ್ಟು ಬನ್ನಿ. 12 ಇಂಚಿನ ಗ್ರೋ ಬ್ಯಾಗ್ ಮಣ್ಣು ತುಂಬಿ ನೀರು ಹಾಕಿದಮೇಲೆ ಇಪ್ಪತ್ತು ಕೆ.ಜಿ. ಹತ್ತಿರ ಆಗುತ್ತೆ. ಸಸಿ, ಖಾಲಿ ಕುಂಡ, ಮಣ್ಣಿನ ಚೀಲ ಕೊಟ್ಟು ಹೋದರೆ ಸೊಂಟ ಹಿಡಿಯೋದು ಅವರಿಗೆ. ಕೆಂಪುಮಣ್ಣು, ಗೊಬ್ಬರ, ಕೋಕೋಪೀಟ್ ಸಮ ಪಾಲು. ಮಲ್ಲಿಗೆಗೆ ಆರು ಗಂಟೆ ಬಿಸಿಲು ಸಿಗದ ಬಾಲ್ಕನಿ ಆದರೆ ಬರೀ ಎಲೆ ನೋಡಬೇಕಾಗುತ್ತೆ.

ರೈಲುಗಾಡಿ
ಅಕ್ಕ-ಅತ್ತಿಗೆ ಇಬ್ಬರಿಗೂ ಒಟ್ಟಿಗೆ ಪ್ರಯಾಣ ಕೊಡಿ! 45 ದಾಟಿದ ಹೆಂಗಸರಿಗೆ ರೈಲಿನಲ್ಲಿ ಲೋಯರ್ ಬರ್ತ್ ಕೋಟಾ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಒಬ್ಬರೇ ಅಥವಾ ಇಬ್ಬರು ಒಂದು ಟಿಕೆಟ್‌ನಲ್ಲಿ ಹೋಗುವಾಗ ಮಾತ್ರ. ಮೂರನೆಯವರಾಗಿ ಮಗನನ್ನೋ ತಮ್ಮನನ್ನೋ ಸೇರಿಸಿದರೆ ಆ ಕೋಟಾ ಸಿಗಲ್ಲ. ಬುಕ್ ಮಾಡುವಾಗ ಕೋಟಾ ಜಾಗದಲ್ಲಿ ಲೋಯರ್ ಬರ್ತ್ ಅಂತ ಆರಿಸಬೇಕು. ಮುಂಗಡ ಬುಕಿಂಗ್ ಈಗ 60 ದಿನ, 120 ಅಲ್ಲ. ದೀಪಾವಳಿ ರಜೆಗೆ ಅಂದರೆ ದಿನ ಎಣಿಸಿ ಕೂರಿ.

ರಾಜ್ಯದೊಳಗೆ ಆದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿಗೆ ದುಡ್ಡಿಲ್ಲ, ಐರಾವತ, ರಾಜಹಂಸಕ್ಕೆ ಅನ್ವಯಿಸಲ್ಲ. ಹಾಗಾಗಿ ನಿಮ್ಮ ಎಂಟು ಸಾವಿರ ಪೂರ್ತಿ ಒಳ್ಳೆ ರೂಮಿಗೆ ಹಾಕಿ. ರೂಮು ಕೆಳ ಅಂತಸ್ತಿನಲ್ಲಿ, ವೆಸ್ಟರ್ನ್ ಟಾಯ್ಲೆಟ್ ಇರುವಂಥದ್ದು ಅಂತ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಇನ್ನೊಂದು, ಅವರು ಹೋದ ಮೂರು ದಿನ ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು. ಅದಾಗದೇ ಟಿಕೆಟ್ ಕ್ಯಾನ್ಸಲ್ ಆಗೋದೇ ಹೆಚ್ಚು.

ಸಾಕಮ್ಮನ_ಸಾರು
@ರೈಲುಗಾಡಿ, ಕೊನೇ ಸಾಲಿಗೆ ನೂರು ಮಾರ್ಕು.

ನ್ಯೂಜರ್ಸಿ_ಕನ್ನಡತಿ
ಇಲ್ಲಿಂದ ಅಮ್ಮ, ಅತ್ತಿಗೆಗೆ ಪಾರ್ಸೆಲ್ ಕಳಿಸೋರು ಗಮನಿಸಿ. ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಭಾರತದಲ್ಲಿದ್ದ ಸುಂಕ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಅಂಚೆಯವರು ಬಾಗಿಲಿಗೆ ಬಂದು ಸುಂಕ ಕೇಳಿದಾಗ ಅಮ್ಮ ಗಾಬರಿ. ಭಾರತದ ಅಂಗಡಿಯಿಂದಲೇ ತರಿಸಿಕೊಡಿ. ಆರ್ಡರ್ ಮಾಡುವಾಗ ಬಿಲ್ ಪೆಟ್ಟಿಗೆಯೊಳಗೆ ಹಾಕಬೇಡಿ ಅಂತ ತಿಳಿಸಿ, ಬೆಲೆ ನೋಡಿದರೆ ವಾಪಸ್ ಮಾಡು ಅಂತಾರೆ.

ಲೆಕ್ಕಪತ್ರ
ದುಡ್ಡಿನ ಬಗ್ಗೆ ಚುಟುಕಾಗಿ. ತಮ್ಮನು ಅಕ್ಕನಿಗೆ, ಮಕ್ಕಳು ತಾಯಿಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ಅದರ ಬಡ್ಡಿ ಆಕೆಯದೇ ಆದಾಯ. ಗಂಡ ಹೆಂಡತಿಗೆ ಕೊಟ್ಟ ಹಣವನ್ನು ಠೇವಣಿ ಇಟ್ಟರೆ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತೆ. ಮಹಿಳಾ ಸಮ್ಮಾನ್ ಉಳಿತಾಯ ಪತ್ರ ಕೊಡ್ತೀನಿ ಅನ್ನೋರಿಗೆ, ಅದು 2025ರ ಮಾರ್ಚ್ 31ಕ್ಕೆ ಮುಗಿದಿದೆ. ಮನೆ ಖರ್ಚಿಗೆ ಹೋಗಬಾರದು ಅಂದರೆ ಆಕೆಯ ಹೆಸರೊಂದರಲ್ಲೇ ಅಂಚೆ ಕಚೇರಿಯಲ್ಲಿ ತಿಂಗಳ ಕಂತು ಕಟ್ಟುವ ಆರ್‌ಡಿ ತೆರೆಸಿ ಮೊದಲ ಕಂತುಗಳನ್ನು ನೀವು ಕಟ್ಟಿ. ಬ್ಯಾಂಕಿನಿಂದ ಚಿನ್ನದ ನಾಣ್ಯ ತಗೋಬೇಡಿ, ಮಾರಿದ ನಾಣ್ಯವನ್ನು ಬ್ಯಾಂಕ್ ವಾಪಸ್ ಕೊಳ್ಳಲ್ಲ.

ಹೇಮಾವತಿ_ದಡ
ಒಂದು ಸೂಕ್ಷ್ಮದ ವಿಷಯ ಕೇಳಬೇಕು. ಗಂಡ ತೀರಿಕೊಂಡ ಚಿಕ್ಕಮ್ಮ (55) ಇದೇ ಮನೆಯಲ್ಲಿದ್ದರೆ ಗೌರಿ ಹಬ್ಬದ ದಿನ ಅವರಿಗೆ ಏನು, ಹೇಗೆ ಕೊಡೋದು?

ಮೊರದಬಾಗಿನ
ಮುಂಚಿನ ದಿನವೇ ಅವರನ್ನು ಪ್ರತ್ಯೇಕವಾಗಿ ಕೇಳಿ: "ಚಿಕ್ಕಮ್ಮ, ನಿಮಗೂ ಬಾಗಿನ ಕೊಡಬೇಕು ಅಂತಿದೀವಿ, ತಗೋತೀರಾ?" ಅಂತ. ಎಷ್ಟೋ ಮನೆಗಳಲ್ಲಿ ಈಗ ಎಲ್ಲರಿಗೂ ಕೊಡುತ್ತಾರೆ. ಆದರೆ ಕೆಲವರಿಗೆ ನಾಲ್ಕು ಜನರ ಮುಂದೆ ತಗೊಳ್ಳೋದು ಮುಜುಗರ, ಅದನ್ನು ಸಭೆಯಲ್ಲಿ ಪರೀಕ್ಷೆ ಮಾಡಬೇಡಿ. ಬೇಡ ಅಂದರೆ ಒತ್ತಾಯ ಬೇಡ, ಅಕ್ಕನಿಗೆ ಕೊಟ್ಟಷ್ಟೇ ಬೆಲೆಯ ಉಡುಗೊರೆಯನ್ನು ಪೂಜೆಗೆ ಮುಂಚೆಯೇ ಕೈಗೆ ಕೊಟ್ಟು ನಮಸ್ಕಾರ ಮಾಡಿ. ಎಲ್ಲರದ್ದೂ ಮುಗಿದಮೇಲೆ ಕವರಿನಲ್ಲಿ ಏನೋ ತುರುಕಿ ಕೊಡೋದು ಬೇಡ. ಮಂಕು ಬಣ್ಣದ ಸೀರೆಯನ್ನು ನೀವಾಗಿಯೇ ಆರಿಸಬೇಡಿ, ಬಣ್ಣ ಅವರೇ ಹೇಳಲಿ. ಹೂವು ತಂದಾಗ ಅವರಿಗೂ ಒಂದು ಮೊಳ ಇರಲಿ, ಮುಡಿಯೋದು ಬಿಡೋದು ಅವರಿಗೆ ಸೇರಿದ್ದು.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಅಕ್ಕನಿಗೆ ಹಳೆ ಸೀರೆಗಳ ಬ್ಲೌಸ್ ಕೆಲಸ, ಅತ್ತಿಗೆಗೆ ಕಸೂತಿ ಡಬ್ಬಿ ಮತ್ತು ದೀಪ ಅಂತ ಅಂದುಕೊಂಡಿದ್ದೀನಿ. ಬಾಗಿನದ ಬಳೆ ಅಳತೆ ಒಂದು ಉಳೀತು. ಅಕ್ಕನ ಹಳೇ ಬಳೆ 2-6. ಅದೇ ತರಲಾ? ಟೈಲರ್‌ಗೆ ಎಷ್ಟು ದಿನ ಮುಂಚೆ ಕೊಡಬೇಕು?

ಅಂಚು_ಸೆರಗು
ಟೈಲರ್‌ಗೆ ಈ ವಾರವೇ. ಹಬ್ಬಕ್ಕೆ ಎರಡು ಮೂರು ವಾರ ಇರುವಾಗ ಒಳ್ಳೆ ಟೈಲರ್‌ಗಳು ಆರ್ಡರ್ ನಿಲ್ಲಿಸ್ತಾರೆ. ಅಳತೆಗೆ ಹಳೆ ಬ್ಲೌಸ್ ಕೊಡಬೇಡಿ, ಅಕ್ಕನನ್ನೇ ಕರೆದುಕೊಂಡು ಹೋಗಿ. ಮೊದಲು ಒಂದೇ ಹೊಲಿಸಿ, ಹಾಕಿ ನೋಡಿ, ತೋಳಿನ ಬುಡ ಬಿಗಿ ಇಲ್ಲ ಅಂತ ಖಾತ್ರಿಯಾದ ಮೇಲೆ ಉಳಿದವನ್ನು ಕತ್ತರಿಸಲು ಹೇಳಿ.

ಚಿನಿವಾರಕಟ್ಟೆ
ಹಳೇ ಬಳೆ ನಂಬಬೇಡಿ, ಅದು ಕೈಗೆ ಹೋಗಿ ಹತ್ತು ವರ್ಷ ಆಗಿರಬಹುದು. ಹೆಬ್ಬೆರಳನ್ನು ಅಂಗೈಗೆ ಮಡಚಿ, ಗೆಣ್ಣುಗಳ ಮೇಲೆ ದಪ್ಪ ಇರುವ ಕಡೆ ಟೇಪು ಸುತ್ತಿ ಅಳೆಯಿರಿ. 18 ಸೆಂ.ಮೀ. ಬಂದರೆ 2-4, 19 ಬಂದರೆ 2-6, 20 ಬಂದರೆ 2-8, 21 ಆದರೆ 2-10. ಎರಡರ ನಡುವೆ ಬಂದರೆ ಗಾಜಿನ ಬಳೆಗೆ ಮೇಲಿನ ಅಳತೆಯನ್ನೇ ತಗೊಳ್ಳಿ, ಬಿಗಿ ಬಳೆ ಏರಿಸುವಾಗ ಒಡೆದರೆ ಹಬ್ಬದ ದಿನ ಕೈಯೆಲ್ಲ ಗಾಯ. ಲೋಹದ್ದಾದರೆ ತಿರುಪು ಬಿಚ್ಚಿ ತೆರೆಯುವಂಥದ್ದು ಕೇಳಿ, ಅದಕ್ಕೆ ಗೆಣ್ಣಿನ ಲೆಕ್ಕ ಬೇಡ, ಮಣಿಕಟ್ಟಿನ ಅಳತೆ ಸಾಕು.